ಮಾವನವರಿಗೊಂದು ಮೊಳೆ

ಬಾಡಿಗೆದಾರನ ಬಾಳು ನೀರಿನ ಮೇಲೆ ನಡೆದಂತಿರಬೇಕು, ಹೆಜ್ಜೆಗುರುತು ಉಳಿಯಕೂಡದು. ಎರಡನೇ ಮಹಡಿಯ ಗಣಿತದ ಮೇಷ್ಟ್ರಿಗೆ ಮಾಲೀಕರು ಮೊದಲ ದಿನವೇ ಈ ತತ್ವ ಬೋಧಿಸಿದ್ದರು. "ಏನಾದ್ರೂ ಮಾಡ್ಕೊಳ್ಳಿ ಮೇಷ್ಟ್ರೇ, ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ. ಹೊಡೆದ ದಿನವೇ ಗಂಟುಮೂಟೆ ಕಟ್ಟಿ." ಮಾಲೀಕರ ವಾಸ ಅದೇ ಮಹಡಿಯ ಪಕ್ಕದ ಮನೆಯಲ್ಲೇ. ತಿಂಗಳಿಗೊಮ್ಮೆ ಬಂದು, ವೈದ್ಯರು ರೋಗಿಯ ಎದೆ ತಟ್ಟಿದಂತೆ ಗೋಡೆಗಳನ್ನು ತಟ್ಟಿ ನೋಡಿ ಹೋಗುವರು. (ಮೇಷ್ಟ್ರ ಆರೋಗ್ಯವನ್ನು ಒಮ್ಮೆಯೂ ವಿಚಾರಿಸಿದವರಲ್ಲ.)

ಹೀಗಾಗಿ ಮಾವನವರು ಕಳಿಸಿದ್ದ, ದಪ್ಪ ಮರದ ಕಟ್ಟಿನ ಅವರದೇ ಭಾವಚಿತ್ರ ಆರು ತಿಂಗಳಿಂದ ಮಂಚದಡಿ ಅಜ್ಞಾತವಾಸದಲ್ಲಿತ್ತು. ಮೇಷ್ಟ್ರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಅಷ್ಟರಲ್ಲಿ, ಭಾನುವಾರ ಊಟಕ್ಕೆ ಬರುತ್ತೇನೆಂದು ಮಾವನವರು ಫೋನ್ ಮಾಡಿದರು.

"ಅಪ್ಪ ಬರೋ ಹೊತ್ತಿಗೆ ಅಪ್ಪ ಗೋಡೆ ಮೇಲಿರಬೇಕು," ಎಂದಳು ಹೆಂಡತಿ.

"ಮನೆ ಬಿಡಿಸ್ತಾರೆ ಕಣೇ! ಎರಡು ವರ್ಷದಲ್ಲಿ ಇದು ಮೂರನೇ ಮನೆ."

"ಬಿಡಿಸಲಿ. ಫೋಟೋ ಇಲ್ದಿದ್ರೆ ನಾನು ಅಪ್ಪನ ಜೊತೇಲೇ ಹೊರಟೆ."

"ಎಷ್ಟು ದಿನಕ್ಕೆ?"

"ಅದೇನು ಅಷ್ಟು ಆಸೆಯಿಂದ ಕೇಳ್ತೀರಿ?"

ಮನೆ ಹೋಗಬೇಕು, ಇಲ್ಲವೇ ಮನೆಯಾಕೆ ಹೋಗಬೇಕು. ಮೇಷ್ಟ್ರು ಗಣಿತದ ಮೊರೆಹೊಕ್ಕರು. ಕಿಟಕಿಯ ಬಳಿ ಗೋಡೆಯ ದಪ್ಪ ಅಳೆದರು: ಒಂಬತ್ತು ಇಂಚು. ಮಾವನವರ ಭಾರಕ್ಕೆ ಆರಿಂಚಿನ ಮೊಳೆ. ಒಂದಿಂಚು ಹೊರಗೆ, ಐದಿಂಚು ಒಳಗೆ, ಉಳಿದ ನಾಲ್ಕಿಂಚು ಸುರಕ್ಷಿತ! ಮಾವನವರು ಅತ್ತ ಹೋದ ಕೂಡಲೇ ಇತ್ತ ಮೊಳೆ ಕೀಳುವುದು, ತೂತಿಗೆ ಟೂತ್‌ಪೇಸ್ಟ್ ಮೆತ್ತುವುದು, ಮಾವನವರು ಮರಳಿ ಮಂಚದಡಿಗೆ.

ಸದ್ದಿಗೂ ಉಪಾಯವಿತ್ತು. ಮೇಲಿನ ಮನೆಯಲ್ಲಿ ಟೈಲ್ಸ್ ಕೊಯ್ಯುತ್ತಿದ್ದರು. ಶನಿವಾರ ಮಧ್ಯಾಹ್ನ ಯಂತ್ರ ಕಿರುಚಿದಾಗಲೆಲ್ಲ ಮೇಷ್ಟ್ರು ಸುತ್ತಿಗೆ ಬೀಸಿದರು. ಕೊನೆಯ ಏಟಿಗೆ ಕೈ ಎತ್ತಿದಾಗ ಯಂತ್ರ ತಟ್ಟನೆ ನಿಂತಿತು, ಕೈ ನಿಲ್ಲಲಿಲ್ಲ. ಢಣ್! ಮೇಷ್ಟ್ರು ಆ ಸದ್ದು ಮುಚ್ಚಲು ಹತ್ತು ನಿಮಿಷ ಕೆಮ್ಮಿದರು.

ಭಾನುವಾರ ಮಾವನವರು ಬಂದು, ತಮ್ಮನ್ನು ತಾವೇ ಎರಡು ನಿಮಿಷ ನೋಡಿಕೊಂಡು, "ಪರವಾಗಿಲ್ಲ ಅಳಿಯಂದ್ರೇ," ಎಂದು ಊಟಕ್ಕೆ ಕುಳಿತರು. ಮೊದಲ ತುತ್ತಿಗೇ ಕರೆಗಂಟೆ. ಬಾಗಿಲಲ್ಲಿ ಮಾಲೀಕರ ಹೆಂಡತಿ!

"ಮೇಷ್ಟ್ರೇ, ನಮ್ಮ ಗೋಡೇಲಿ ಮೊಳೆ ಹುಟ್ಟಿದೆ."

ಮೇಷ್ಟ್ರು ತಿರುಗಿ ಫೋಟೋ ತೂಗುತ್ತಿದ್ದ ಗೋಡೆ ನೋಡಿದರು. ಎರಡು ಮನೆಗಳ ನಡುವಿನ ಗೋಡೆ ಕಿಟಕಿ ಗೋಡೆಯಷ್ಟು ದಪ್ಪ ಇರುವುದಿಲ್ಲ, ಬರೀ ನಾಲ್ಕಿಂಚು ಎಂಬ ಜ್ಞಾನೋದಯ ಅವರಿಗೆ ಆಗ ಆಯಿತು.

"ಅಮ್ಮಾ, ಈಗಲೇ ಕಿತ್ತುಬಿಡ್ತೀನಿ..."

"ಕಿತ್ತೀರಾ ಜೋಕೆ! ಒಂದೇ ಒಂದು ಮೊಳೆ ಹೊಡೀರಿ ಅಂತ ಮೂವತ್ತು ವರ್ಷದಿಂದ ಬಡ್ಕೊಂಡೆ. ಗೋಡೆಗೆ ನೋವಾಗುತ್ತೆ ಅಂತಾರೆ ನಮ್ಮೆಜಮಾನ್ರು! ನನ್ನ ಗಡಿಯಾರ ನೇತುಹಾಕಿ ಬಂದೆ."

"ಅವರು ನಮ್ಮನ್ನ ಮನೆ ಬಿಡಿಸಲ್ವಾ?"

"ಆ ಮೊಳೆ ಹೋದ್ರೆ ಮನೆ ಬಿಡೋದು ಮೇಷ್ಟ್ರಲ್ಲ, ನಾನು ಅಂದೆ. ಅವ್ರು ಗಪ್‌ಚುಪ್."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆಕೆ ಹೊರಡಲಿಲ್ಲ.

"ಇನ್ನೂ ಐದು ಬೇಕಿತ್ತು. ಗುರುತು ಮಾಡಿ ಹೇಳ್ತೀನಿ, ನಿಮ್ಮ ಕಡೆಯಿಂದಲೇ ಹೊಡೆದುಬಿಡಿ."

"ಐದು! ನಮ್ಮ ಕಡೆ ಬೋಳು ಮೊಳೆ ಚೆನ್ನಾಗಿ ಕಾಣುತ್ತಾ ಅಮ್ಮಾ?"

ಹೆಂಡತಿ ಆಗಲೇ ಬೆರಳು ಮಡಿಸುತ್ತಿದ್ದಳು. "ಅಮ್ಮ ಒಂದು, ದೊಡ್ಡಪ್ಪ ಎರಡು, ಮೂವರು ಅಣ್ಣಂದಿರು... ಸರಿಯಾಗಿ ಐದು!"

"ನಾಳೆನೇ ಕಳಿಸ್ತೀನಿ," ಎಂದರು ಮಾವನವರು, ಅನ್ನ ಕಲಸುತ್ತ. "ಎಲ್ಲಾ ಇದೇ ಸೈಜು."