ಗೋಡೆಯಿಲ್ಲದ ಮನೆಗೊಂದು ಹೆಬ್ಬಾಗಿಲು

ನಮ್ಮ ಅತ್ತೆ ಈ ಲೋಕದಲ್ಲಿ ಯಾರನ್ನಾದರೂ ಪೂರ್ತಿ ನಂಬಿದ್ದಾಳೆಂದು ನೀವು ಸಾಬೀತು ಮಾಡಿದರೆ ನಾನು ಮಿಮಿಕ್ರಿ ಮಾಡುವುದನ್ನೇ ಬಿಡುತ್ತೇನೆ. ಬಿಡುತ್ತೇನೆಂಬ ಈ ಮಾತನ್ನೂ ಅವಳು ನಂಬುವುದಿಲ್ಲ, ಬಿಡಿ!

ಅಪ್ಪನ ಅಕ್ಕ ಇವಳು. ಮದುವೆಯ ಗೊಡವೆಗೆ ಹೋಗದೆ ಕುಮಟಾದ ಬ್ಯಾಂಕೊಂದರಲ್ಲಿ ಕ್ಯಾಶಿಯರ್ ಆಗಿ ಸೇರಿ, ಕ್ಯಾಶಿಯರ್ ಆಗಿಯೇ ನಿವೃತ್ತಳಾದವಳು. ನೋಟುಗಳನ್ನು ಬೆಳಕಿಗೆ ಹಿಡಿದು ಹಿಡಿದು, ಈಗ ಕೈಗೆ ಸಿಕ್ಕಿದ್ದನ್ನೆಲ್ಲ ಬೆಳಕಿಗೆ ಹಿಡಿಯುತ್ತಾಳೆ. ಹಪ್ಪಳ, ಮದುವೆಯ ಕರೆಯೋಲೆ, ನನ್ನ ಡಿಗ್ರಿ ಸರ್ಟಿಫಿಕೇಟು. ಸರ್ಟಿಫಿಕೇಟನ್ನು ಮಾತ್ರ ತುಸು ಹೆಚ್ಚು ಹೊತ್ತು ಹಿಡಿದಿದ್ದಳು. ನಾನು ಫೋನು ಮಾಡಿದರಂತೂ ಮೊದಲು ಗುರುತಿನ ಪರೀಕ್ಷೆ. ಊರಿನವರ ಧ್ವನಿಯೆಲ್ಲ ಬರುವ ನನಗೆ ನನ್ನ ಸ್ವಂತ ಧ್ವನಿ ನನ್ನದೇ ಎಂದು ರುಜುವಾತು ಮಾಡುವುದೇ ಕಷ್ಟ.

ಇಂಥವಳು ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ ತೆಂಗಿನ ತೋಟದ ತುಂಡೊಂದನ್ನು ಕೊಂಡು, ರಜೆಗೆ ಹೋಗಿ ಇರಲು ಗೋಡೆಯೇ ಇಲ್ಲದ ಮನೆ ಕಟ್ಟಿಸುತ್ತೇನೆಂದರೆ ನಮಗೆ ಹೇಗಾಗಿರಬೇಡ? ಅಪ್ಪ ಡಾಕ್ಟರ ಹೆಸರು ಹೇಳಿದ. ಅಮ್ಮ ಯಾರೋ ಸ್ವಾಮಿಗಳ ಕೈವಾಡವಿರಬೇಕೆಂದಳು. ನಾನು ನೇರವಾಗಿ ಕೇಳಿಯೇಬಿಟ್ಟೆ. ಅತ್ತೆ ಆಚೀಚೆ ನೋಡಿ, ಸದ್ದು ತಗ್ಗಿಸಿದಳು.

"ಜೀವಮಾನ ಪೂರ್ತಿ ಕೌಂಟರಿನ ಜಾಲರಿ ಒಳಗೇ ಕೂತಾತು, ಮಾಣಿ. ಒಂದು ಮಧ್ಯಾಹ್ನ ಗಾಳಿಗೆ ಮೈಯೊಡ್ಡಿ ಕಣ್ಣು ತುಂಬಾ ನಿದ್ದೆ ಮಾಡವು. ಅಷ್ಟೇ ಆಸೆ ಇದ್ದು. ಯಾರಿಗೂ ಹೇಳಡ."

ನಿದ್ದೆಯೂ ಗುಟ್ಟಿನ ಸಂಗತಿಯೇ!

ಹೊನ್ನಾವರದಿಂದ ಒಬ್ಬ ಆರ್ಕಿಟೆಕ್ಟ್ ಬಂದ. ಜುಟ್ಟು ಕಟ್ಟಿದ ಹುಡುಗ. ಒಂದೊಂದು ಮಾತೂ ಮಣ್ಣಿನಿಂದ ಮೊಳೆತು ಬರುತ್ತಿದೆಯೇನೋ ಎಂಬಷ್ಟು ನಿಧಾನ. ಆ ಧ್ವನಿಯನ್ನು ನಾನು ಮಾಡಿ ತೋರಿಸಬಲ್ಲೆ, ಆದರೆ ಕಾಗದದ ಮೇಲೆ ನನ್ನ ಮಿಮಿಕ್ರಿ ವಿದ್ಯೆ ನಡೆಯುವುದಿಲ್ಲ.

"ಮನೆ ಉಸಿರಾಡಬೇಕು, ಮೇಡಂ."

"ಉಸಿರಾಡಿದ್ರೆ ಕೆಮ್ಮೂದೂ ಉಂಟಲ್ಲ?" ಎಂದಳು ಅತ್ತೆ.

ಒಳಗು ಹೊರಗು ಒಂದಾಗಬೇಕೆಂದು ಅವನು ವಿವರಿಸಿದ. ಹಾಗಾದರೆ ಹೊರಗಿನವರೂ ಒಳಗಿನವರಾಗುತ್ತಾರಲ್ಲ ಎಂದು ಅತ್ತೆಗೆ ಅನುಮಾನ. ನಕ್ಷೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ, ಅಡುಗೆಮನೆ ಆಚೆಗಿದ್ದದ್ದು ಈಚೆಗೆ ಬಂತೆಂದು ತಕರಾರು ತೆಗೆದಳು. ಕೊನೆಗೆ, ಎಲ್ಲ ಸರಿ, ಬೀಗ ಎಲ್ಲಿ ಹಾಕುವುದು ಎಂದಳು. ಗೋಡೆಯಿಲ್ಲದ ಮನೆಗೆ ಬೀಗ! ಜುಟ್ಟಿನ ಹುಡುಗ ಒಂದು ವಾರ ತಡೆದ. ಆಮೇಲೆ ಸೋತು, ಮನೆಯ ಮುಂದುಗಡೆ ಹಲಸಿನ ಮರದ ಹೆಬ್ಬಾಗಿಲೊಂದನ್ನು ನಿಲ್ಲಿಸಿಕೊಟ್ಟ. ಆಚೆ ಗೋಡೆಯಿಲ್ಲ, ಈಚೆ ಗೋಡೆಯಿಲ್ಲ, ನಡುವೆ ಬಾಗಿಲು. ಅದಕ್ಕೊಂದು ಬೀಗ. ನಾಯಿ, ದನ, ಕೋಳಿ ಎಲ್ಲ ಸುತ್ತಿ ಬರುತ್ತಿದ್ದವು. ನಾನು ಮಾತ್ರ ಅತ್ತೆ ಬೀಗ ತೆಗೆಯುವವರೆಗೆ ಹೊರಗೆ ಕಾಯಬೇಕು. ಪಕ್ಕದಿಂದ ಕಾಲಿಟ್ಟರೆ ಕಳ್ಳನ ಲೆಕ್ಕ!

ಬೇಸಿಗೆಯಲ್ಲಿ ಮನೆ ಮುಗಿಯಿತು. ಅತ್ತೆ ಕೆಂಪು ನೆಲದ ಮೇಲೆ ಚಾಪೆ ಹಾಸಿ ಮಲಗಿದಳು. ಕಡಲ ಗಾಳಿ ಬಂತು. ಅತ್ತೆ ಒಂದು ಕಣ್ಣು ಮುಚ್ಚಿದಳು. ಇನ್ನೊಂದು ಕಾವಲಿಗೆ. ಹೆಂಚಿನ ಮಾಡಿನ ತುದಿಯಲ್ಲಿ ಕೂತ ಕಾಗೆ ಅವಳ ಬಳೆಯನ್ನೇ ನೋಡುತ್ತಿದೆಯಂತೆ. ಕಾಯಿ ಕೊಯ್ಯುವವನು ಪಕ್ಕದ ತೋಟದ ಮರವನ್ನೇ ಹತ್ತಿದ್ದು ಯಾಕಂತೆ? ಎದುರು ಗದ್ದೆಯ ನಾಗಮ್ಮ ಒಂದು ಕಟ್ಟು ಬಸಳೆ ಸೊಪ್ಪು ತಂದುಕೊಟ್ಟು, ಉಂಡಿರಾ ಎಂದು ವಿಚಾರಿಸಿ ಹೋದಳು. ಅವಳು ಗದ್ದೆಯ ಅಂಚು ದಾಟುವುದನ್ನೇ ಕಾದು ಅತ್ತೆ ಕಟ್ಟು ಬಿಚ್ಚಿದಳು. "ಪುಕ್ಕಟೆ ಎಂತಕ್ಕೆ ಕೊಡ್ತು ಅದು?"

ಬೇಸಿಗೆಯಿಡೀ ಹೀಗೇ. ಮುಟ್ಟಳ್ಳಿಗೆ ಹೋಗಿ ಎಚ್ಚರವಾಗಿರುವುದು, ಕುಮಟಾಕ್ಕೆ ಮರಳಿ ಕಿಟಕಿ ಬಾಗಿಲು ಜಡಿದುಕೊಂಡು ಅಲ್ಲಿ ಬಾಕಿಯಾದ ನಿದ್ದೆ ತೀರಿಸುವುದು! ಮನೆ ಉಸಿರಾಡಿತು. ಅತ್ತೆಗೆ ಮಾತ್ರ ಕಣ್ಣು ಹತ್ತಲಿಲ್ಲ. ಕೊನೆಕೊನೆಗೆ ಮಾರಿಬಿಡುವ ಮಾತೂ ಬಂತು.

ಮಳೆಗಾಲ ಹತ್ತಿರ ಬಂದಾಗ ಚಾಪೆ, ಪಾತ್ರೆ ತಂದುಬಿಡೋಣವೆಂದು ಇಬ್ಬರೂ ಹೊರಟೆವು. ರಸ್ತೆಯ ತಿರುವಿನಲ್ಲೇ ಅತ್ತೆ ನಿಂತುಬಿಟ್ಟಳು. ನಮ್ಮ ಮನೆಗೆ ಗೋಡೆ ಬಂದಿತ್ತು! ಹೆಣೆದ ತೆಂಗಿನ ಗರಿಯ ತಟ್ಟಿ. ನೆಲದಿಂದ ಮಾಡಿನವರೆಗೆ, ಮೂರು ಬದಿಗೂ.

"ಯಾರೋ ಜಾಗ ಕಬಜಾ ಮಾಡಿದ್ದ," ಎಂದಳು ಅತ್ತೆ. "ನಂಗೆ ಮೊದಲೇ ಗೊತ್ತಿತ್ತು. ಮಾಣಿ, ಪೊಲೀಸಿನವರ ಧ್ವನಿ ತೆಗೆ."

ಜೀವನದಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಮನೆಯವರಿಂದಲೇ ಕರೆ! ಇನ್‌ಸ್ಪೆಕ್ಟರರ ಧ್ವನಿಯಲ್ಲಿ, ಯಾರ್ರೀ ಒಳಗೆ, ಎಂದು ಗುಡುಗಿದೆ. ಕೈಯಲ್ಲಿ ಕತ್ತದ ಹಗ್ಗ ಹಿಡಿದು ನಾಗಮ್ಮ ಹೊರಗೆ ಬಂದಳು.

"ಎಂತ ಆತು ತಮ್ಮಾ, ಗಂಟಲು ಕಟ್ಟಿತಾ?"

ಅತ್ತೆ ಮುಂದೆ ಹೋಗಿ, ಇದನ್ನು ಯಾರು ಕಟ್ಟಿದ್ದು, ಯಾರನ್ನು ಕೇಳಿ ಕಟ್ಟಿದ್ದು ಎಂದು ವಿಚಾರಣೆ ಸುರು ಮಾಡಿದಳು. ನಾಗಮ್ಮನಿಗೆ ಅತ್ತೆಯ ಮುಖ ನೋಡುವುದಕ್ಕೇ ಸಂಕೋಚ. ಹಗ್ಗವನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳಿದಳು.

"ಬಾಗಿಲು ನಿಲ್ಲಿಸಿ ಪೂಜೆ ಮಾಡಿದ್ರಿ, ಕೆಲಸ ಅಲ್ಲಿಗೇ ನಿಂತೋತಲ್ಲ ಅಮ್ಮಾ. ಗೋಡೆ ಕಟ್ಟುಕೆ ಆಗ್ಲಿಲ್ಲ ಕಾಣ್ತದೆ ಅಂದ್ಕಂಡ್ವಿ. ಬಂದ್ರೂ ನಿದ್ದೆ ಇಲ್ಲ ನಿಮಗೆ, ಚಿಂತೆ ಮಾಡ್ತಾ ಬಿದ್ಕಂಡಿರ್ತ್ರಿ. ಕೇಳಿದ್ರೆ ಬೇಜಾರು ಆಗೂದು. ಅದಕ್ಕೇ ನಾಕು ಮನೆಯವರು ಸೇರ್ಕಂಡು ಕಟ್ಟಿದ್ವಿ."

ನನಗೆ ನಗು ತಡೆಯಲಾಗಲಿಲ್ಲ, ಆಚೆ ತಿರುಗಿದೆ. ಈಗ ಅತ್ತೆ ಹೇಳುತ್ತಾಳೆ, ಇದು ಹೀಗೇ ಇರಬೇಕಾದ ಮನೆ, ಇದಕ್ಕೆ ನಕ್ಷೆ ಉಂಟು, ಜುಟ್ಟಿನ ಆರ್ಕಿಟೆಕ್ಟು ಉಂಟು ಎಂದು. ಕಾದೆ. ಅತ್ತೆ ತಟ್ಟಿಯ ಮೇಲೆ ಕೈಯಿಟ್ಟು ನಿಂತಿದ್ದಳು. ಗರಿಗಳ ಹಸಿರು ಇನ್ನೂ ಆರಿರಲಿಲ್ಲ.

"ಹೌದು ನಾಗಮ್ಮಾ," ಎಂದಳು. "ಗೋಡೆ ಕಟ್ಟುಕೆ ಆಗಲಿಲ್ಲ."

ಗದ್ದೆಯ ಕಡೆಯ ಬದಿಯೊಂದು ಬಾಕಿಯಿತ್ತು. ಅದಕ್ಕೆ ತಟ್ಟಿ ಎತ್ತಲು ಹೋದವಳನ್ನು ಅತ್ತೆ ತಡೆದಳು. "ಅದು ಹಾಗೇ ಇರಲಿ. ನಿಮ್ಮ ಮನೆ ಕಾಣ್ತದೆ."

ಆಮೇಲೆ, ಒಯ್ಯಲೆಂದು ನಾನು ಸುತ್ತಿಟ್ಟಿದ್ದ ಚಾಪೆಯನ್ನು ಬಿಡಿಸಿ, ಆ ತೆರೆದ ಬದಿಗೆ ಮುಖ ಮಾಡಿ ಒರಗಿದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಏಳಿಸಲು ಬಗ್ಗಿದೆ. ಎರಡೂ ಕಣ್ಣು ಮುಚ್ಚಿದ್ದವು. ಬಾಯಿ ಸ್ವಲ್ಪ ತೆರೆದಿತ್ತು.

"ಸುಮ್ನಿರಿ ತಮ್ಮಾ," ಎಂದಳು ನಾಗಮ್ಮ ಪಿಸುದನಿಯಲ್ಲಿ. "ಎಷ್ಟು ವರ್ಷದ ನಿದ್ದೆಯೋ ಎಂತದೋ."

ಅವಳು ಮೆಟ್ಟಿಲ ಮೇಲೆ ಕೂತು, ಸದ್ದಾಗದಂತೆ ಕೈಬೀಸಿ ಕೋಳಿಗಳನ್ನು ಓಡಿಸುತ್ತಿದ್ದಳು. ಗದ್ದೆಯ ಮೇಲಿಂದ ಗಾಳಿ ಬರುತ್ತಲೇ ಇತ್ತು.