ಲಾಮ್ಲೆಯ ತೂಕಡಿಕೆ

ಇಷ್ಟಕ್ಕೆಲ್ಲ ಕಾರಣ ಒಂದು ಸಣ್ಣ ತೂಕಡಿಕೆ.

ಕೆಂಕಿ ಮಾಡುವವರಿಗೆ ನಿದ್ದೆ ಕಮ್ಮಿ. ಹುಳಿ ಬಂದ ಮುಸುಕಿನ ಜೋಳದ ಹಿಟ್ಟನ್ನು ಕುದಿಸಿ ತೊಳಸಬೇಕು, ಉಂಡೆ ಕಟ್ಟಿ ಜೋಳದ ಸಿಪ್ಪೆಯಲ್ಲಿ ಸುತ್ತಬೇಕು, ಮತ್ತೆ ಬೇಯಿಸಬೇಕು, ದೋಣಿಗಳು ದಡಕ್ಕೆ ಬರುವ ಹೊತ್ತಿಗೆ ತಗಡಿನ ಚಪ್ಪರದ ಕೆಳಗೆ ಕೂತಿರಬೇಕು. ಹೋದ ವರ್ಷ ಧೂಳುಗಾಳಿಯ ಕಾಲದಲ್ಲಿ ಎಬೋ ಎಂಬ ಚಿತ್ರಗಾರ ಹುಡುಗ ಲಾಮ್ಲೆಯ ಹತ್ತಿರ ಕೆಂಕಿ ಮೀನು ತಿಂದು, ಬೆರಳು ನೆಕ್ಕಿ, "ಅಕ್ಕಾ, ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ಕೊ, ನಿನ್ನ ಮುಖ ಬರ್ಕೋತೀನಿ" ಎಂದ. ಬೇಡವೆನ್ನುವುದಕ್ಕೂ ಬಾಯಿ ತೆರೆಯಬೇಕು. ಲಾಮ್ಲೆಗೆ ಅಷ್ಟು ಧೈರ್ಯವಿಲ್ಲ. ಅವನು ದಿಟ್ಟಿಸಿ ನೋಡತೊಡಗಿದಾಗ ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿಗೆ ನಿದ್ದೆ ಬರುವುದು ತಡವೇ? ಎದ್ದಾಗ ಎಬೋ ಹೋಗಿಯಾಗಿತ್ತು. ಆಡೊಂದು ಹಿಟ್ಟಿನ ಬೋಗುಣಿಯಲ್ಲಿ ಮುಖ ಇಟ್ಟಿತ್ತು. ಆ ದಿನದ ನಷ್ಟ ಅಷ್ಟೇ ಎಂದು ಅವಳು ಮರೆತಳು.

ಈ ಸೋಮವಾರ ಬೆಳಿಗ್ಗೆ ಚಪ್ಪರದ ಎದುರಿನ ಎತ್ತರದ ಕಂಬಗಳ ನಡುವೆ ಅದೇ ಮುಖ ನೇತಾಡುತ್ತಿತ್ತು. ಬಾಗಿಲಿನಷ್ಟು ಉದ್ದದ ಮುಖ. ಮುಚ್ಚಿದ ಕಣ್ಣು. ಹಿಂದೆ ಕೆಂಪು, ಕಪ್ಪು. ಕೆಳಗೆ ಎರಡು ದಿನಾಂಕ, ನಡುವೆ ಒಂದು ಗೆರೆ, ಒಂದು ಜಾಗದ ಹೆಸರು, "ಎಲ್ಲರಿಗೂ ಆದರದ ಸ್ವಾಗತ". ಅದು ಪಟ್ಟಣದ ಕಲಾಮೇಳದ ಬ್ಯಾನರು. ಆದರೆ ಮೀನುಗಾರರ ಕೇರಿಯಾದ ಜೇಮ್ಸ್‌ಟೌನಿನಲ್ಲಿ, ಚುನಾವಣೆಗೆ ನಿಂತವರನ್ನು ಬಿಟ್ಟರೆ, ಮನುಷ್ಯನ ಮುಖ ಬೀದಿಗೆ ಏರುವುದು ಒಂದೇ ಸಲ, ಅದೂ ಬದುಕು ಮುಗಿದ ಮೇಲೆ.

ಮೊದಲು ಓಡಿ ಬಂದವಳು ಪಕ್ಕದಲ್ಲಿ ಹುರಿದ ಮೀನು ಮಾರುವ ಅಕ್ವೇಲೆ. ತಲೆಗೆ ಆಗಲೇ ಸೂತಕದ ಕೆಂಪು ಬಟ್ಟೆ ಕಟ್ಟಿದ್ದಳು. ಬೀದಿಯುದ್ದಕ್ಕೂ ಅತ್ತುಕೊಂಡು ಬಂದವಳು, ಮಡಕೆ ಇಳಿಸುತ್ತಿದ್ದ ಲಾಮ್ಲೆಯನ್ನು ಕಂಡು ಗಕ್ಕನೆ ನಿಂತಳು.

"ಬದುಕಿದ್ದೀಯಾ?"

"ಹೂಂ."

"ಮೊದಲೇ ಹೇಳಬಾರದಾ? ಅತ್ತಿದ್ದೆಲ್ಲ ದಂಡ ಆಯ್ತು."

ಬಲೆ ಹೆಣೆಯುವ ಮುದುಕನೊಬ್ಬ ಬ್ಯಾನರಿನ ಮುಂದೆ ಟೋಪಿ ತೆಗೆದು ನಿಂತು ಲೆಕ್ಕ ಹಾಕುತ್ತಿದ್ದ. "ಹುಟ್ಟಿದ್ದು ಈ ತಿಂಗಳು, ತೀರಿದ್ದೂ ಈ ತಿಂಗಳು. ಎರಡೇ ವಾರದ ಕೂಸು. ಎಷ್ಟು ಬೆಳೆದಿತ್ತು ನೋಡು."

ಜನ ಬಂದರು, ನೋಡಿದರು, ಹೋದರು. ಕೆಂಕಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೀನುಗಾರನೊಬ್ಬ ಅಭ್ಯಾಸಬಲದಿಂದ ಉಂಡೆಯೊಂದನ್ನು ಎತ್ತಿ, ಮೇಲೆ ನೋಡಿ, ಮಗುವನ್ನು ಮಲಗಿಸುವಂತೆ ಮೆಲ್ಲಗೆ ಮಡಕೆಯಲ್ಲೇ ಇಟ್ಟ. "ತಪ್ಪು ತಿಳ್ಕೋಬೇಡ ಲಾಮ್ಲೆ. ಸಮುದ್ರಕ್ಕೆ ಹೋಗೋನು ನಾನು."

ಹೊತ್ತೇರುವಷ್ಟರಲ್ಲಿ ಕೆಂಕಿಯವರ ರಾಣಿ ಅಫೋಲೆ ಅವ್ವ ತನ್ನ ಮುಕ್ಕಾಲಿ ಹೊರಿಸಿಕೊಂಡು ಬಂದಳು. ಚಪ್ಪರದ ಕೆಳಗೆ ಯಾರು ಎಲ್ಲಿ ಕೂರಬೇಕೆಂದು ಹೇಳುವವಳು ಅವಳೇ. ವರ್ಷದ ಜಾಗ ಹಂಚಿಕೆ ಮಾರನೆಯ ದಿನ ಬೆಳಿಗ್ಗೆ ಇತ್ತು. ಲಾಮ್ಲೆಯದು ಮೂಲೆಯ ಜಾಗ, ಗಾಳಿಯೂ ಗಿರಾಕಿಯೂ ಮೊದಲು ತಾಗುವ ಜಾಗ. ಅವಳ ತಾಯಿ ಕೂತು ಸವೆಸಿದ ಕಲ್ಲು ಅಲ್ಲಿತ್ತು. ಆ ಕಲ್ಲಿನ ಮೇಲೆ ಅಫೋಲೆ ಅವ್ವನ ಸೊಸೆಗೆ ಬಹಳ ದಿನದಿಂದ ಕಣ್ಣಿತ್ತು.

"ಲಾಮ್ಲೆ, ನೀನು ಸತ್ತಿಲ್ಲ ಅಂತ ನಂಗೆ ಗೊತ್ತು" ಎಂದಳು ಅವ್ವ. "ಆದ್ರೆ ಸಾವು ನಿನ್ನ ಗುರುತು ಹಿಡಿದಿದೆ. ಅಂಥೋಳನ್ನ ಮಧ್ಯೆ ಕೂರಿಸ್ಕೊಂಡ್ರೆ ಉಳಿದೋರ ವ್ಯಾಪಾರ ಏನಾಗ್ಬೇಕು? ಇವತ್ತು ಹೊತ್ತು ಮುಳುಗೋದ್ರೊಳಗೆ ಅದು ಇಳಿದ್ರೆ ಜಾಗ ನಿಂದು. ಇಳೀದಿದ್ರೆ ತಲೆ ಮೇಲೆ ಬೋಗುಣಿ ಹೊತ್ಕೊಂಡು ಬೀದಿ ಬೀದಿ ಮಾರು."

ಸೊಸೆ ಕಲ್ಲಿನ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಂಡಳು.

ಎಬೋಗೆ ಫೋನು ಮಾಡಿದರೆ ಎತ್ತಲಿಲ್ಲ. ಲಾಮ್ಲೆ ಒಳ್ಳೆಯ ಉಡುಪು ಹಾಕಿ, ಅವನಿಗೆಂದು ನಾಲ್ಕು ಕೆಂಕಿ, ಒಂದು ಡಬ್ಬಿ ಖಾರ ಚೀಲಕ್ಕೆ ಹಾಕಿಕೊಂಡು ಹೊರಟಳು. ಜನ ತುಂಬಿದ ಟ್ರೋಟ್ರೋ ವ್ಯಾನು ಎರಡು ಬದಲಾಯಿಸಿದಳು. ಮೇಳದ ಕಡೆಗೆ ಮೂರನೆಯದು ಇರಲಿಲ್ಲ. ಅಲ್ಲಿಗೆ ಹೋಗುವವರಿಗೆಲ್ಲ ಸ್ವಂತ ಕಾರಿರುತ್ತದೆ ಎಂದು ಊರು ಕಟ್ಟಿದವರೇ ತೀರ್ಮಾನ ಮಾಡಿದಂತಿತ್ತು. ಮರವಿಲ್ಲದ ರಸ್ತೆಯಲ್ಲಿ, ಉದ್ದುದ್ದ ಗೋಡೆಗಳ ಪಕ್ಕದಲ್ಲಿ ಬಾಣಲೆಗೆ ಬಿದ್ದ ಮೀನಿನಂತೆ ಬೇಯುತ್ತ ನಡೆದಳು.

ಗೇಟಿನಲ್ಲೂ ಅವಳದೇ ಮುಖ ಕಟ್ಟಿದ್ದರು. ಅದರ ಕೆಳಗೆ ಕಾವಲುಗಾರ ಕೂತಿದ್ದ.

"ಕರೆಯೋಲೆ ಇದೆಯಾ? ಇವತ್ತು ಕರೆದೋರಿಗೆ ಮಾತ್ರ. ಜನಕ್ಕೆ ನಾಳೆಯಿಂದ."

"ಎಲ್ಲರಿಗೂ ಸ್ವಾಗತ ಅಂತ ಬರೆದಿದೆಯಲ್ಲಣ್ಣ."

"ಎಲ್ಲರಿಗೂ ನಾಳೆ."

"ಅದು ನನ್ನ ಮುಖ." ಲಾಮ್ಲೆ ಮೇಲೆ ತೋರಿಸಿದಳು.

ಕಾವಲುಗಾರ ಮೇಲೆ ನೋಡಿದ, ಕೆಳಗೆ ನೋಡಿದ. "ಆ ಹೆಂಗಸು ಮನೆತನದೋಳ ಥರ ಇದಾಳೆ. ಚೀಲದಲ್ಲಿ ಏನು?"

ಚೀಲ ಬಿಚ್ಚಿಸಿದ. ಒಳಗೆ ಊಟ ಒಯ್ಯುವಂತಿಲ್ಲವೆಂದು ಕೆಂಕಿಯನ್ನು ವಶಪಡಿಸಿಕೊಂಡ. ವಶಪಡಿಸಿಕೊಂಡದ್ದನ್ನು ಅಲ್ಲೇ ಬಿಚ್ಚಿ, ಖಾರಕ್ಕೆ ಅದ್ದಿ, ಬಾಯಿಗಿಟ್ಟ. ಬೆಳಗಿನಿಂದ ಅವಳ ಕೈಯದನ್ನು ತಿಂದ ಮೊದಲನೆಯ ಮನುಷ್ಯ ಅವನು. ಲಾಮ್ಲೆಗೆ ಕಣ್ಣು ತುಂಬಿ ಬಂತು.

"ಯಾಕಳ್ತೀಯ, ಹೋಗು ಒಳಗೆ" ಎಂದ ಅವನು, ತುಂಬಿದ ಬಾಯಲ್ಲಿ.

ಒಳಗೆ ಮೇಜಿನ ಹಿಂದೆ ಮಣಿಕಟ್ಟಿಗೆ ಅಂಟಿಸುವ ಬಣ್ಣಬಣ್ಣದ ಕಾಗದದ ಪಟ್ಟಿಗಳನ್ನು ಹರಡಿಕೊಂಡು ಒಬ್ಬ ಹುಡುಗಿ ಕೂತಿದ್ದಳು. "ನೀವು ಚಿತ್ರ ಬರೆಯೋರಾ, ಕೊಳ್ಳೋರಾ, ಪತ್ರಿಕೆಯೋರಾ?"

"ನಾನು ಚಿತ್ರದಲ್ಲಿರೋಳು."

ಹುಡುಗಿ ಪಟ್ಟಿಗಳನ್ನು ಹುಡುಕಿದಳು. "ಚಿತ್ರದಲ್ಲಿರೋರಿಗೆ ಪಟ್ಟಿ ಇಲ್ಲ" ಎಂದು, ಹಿಂದೆ ಸಾಲು ಬೆಳೆಯುವುದನ್ನು ನೋಡಿ, ಬೂದು ಬಣ್ಣದ್ದೊಂದನ್ನು ಅವಳ ಕೈಗೆ ಅಂಟಿಸಿದಳು. ಅದು ಲೋಟ ಎತ್ತುವವರ ಪಟ್ಟಿ. ಹಾಗೆಂದು ಲಾಮ್ಲೆಗೆ ತಿಳಿದದ್ದು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಜನ ಖಾಲಿ ಲೋಟಗಳನ್ನು ಕೈಗೆ ತುರುಕಿದಾಗ. ಬೇಡವೆನ್ನಲು ಬಾಯಿ ಬರಲಿಲ್ಲ. ಎರಡೂ ಕೈ ತುಂಬ ಲೋಟ ಹಿಡಿದು, ಕಿಣಿಕಿಣಿ ಸದ್ದಾಗದಂತೆ ನಡೆಯುತ್ತ, ತನ್ನನ್ನು ತಾನು ಹುಡುಕಿದಳು.

ಕೊನೆಯ ಕೋಣೆಯಲ್ಲಿ ಅವಳಿದ್ದಳು. ಮುಂದೆ ಜನ ಗುಂಪುಗೂಡಿದ್ದರು. ಕಪ್ಪು ಕನ್ನಡಕದ ಯುವಕನೊಬ್ಬ ವಿವರಿಸುತ್ತಿದ್ದ. "ಈಕೆ ನಿದ್ದೆ ಮಾಡ್ತಿಲ್ಲ. ನಿದ್ದೆ ಮಾಡ್ತಿದಾಳೆ ಅಂದ್ಕೊಂಡ್ರೆ ನಾವು ಸೋತ ಹಾಗೆ. ಸಮುದ್ರ ನುಂಗಿದೋರನ್ನೆಲ್ಲ ಒಳಗಣ್ಣಿಂದ ನೋಡ್ತಿದಾಳೆ."

ಲಾಮ್ಲೆ ದಿಟ್ಟಿಸಿದಳು. ಇರಬಹುದೇನೋ ಅನಿಸಿತು. ಆ ದಿನ ತನಗೆ ಬಿದ್ದ ಕನಸನ್ನು ನೆನಪಿಸಿಕೊಳ್ಳಲು ನೋಡಿದಳು. ಆಡು ಬಿಟ್ಟು ಬೇರೇನೂ ನೆನಪಾಗಲಿಲ್ಲ.

"ಸ್ವಲ್ಪ ಸರಿಯಮ್ಮಾ" ಎಂದಳು ಮುತ್ತಿನ ಸರದ ಹೆಂಗಸು, "ಚಿತ್ರ ಕಾಣ್ತಿಲ್ಲ."

ಅಷ್ಟರಲ್ಲಿ ಎಬೋ ಕಂಡ. ಹೊಸ ಅಂಗಿಯಲ್ಲಿ ಮದುವೆ ಗಂಡಿನಂತೆ ಬೆವರುತ್ತಿದ್ದ. "ಅಕ್ಕಾ! ನೀನಿಲ್ಲಿ?" ವಿಷಯ ಕೇಳಿ ತಲೆ ಕೆರೆದುಕೊಂಡ. "ಬ್ಯಾನರು ನಂದಲ್ಲ ಅಕ್ಕ, ಮೇಳದೋರದು. ಮೇಡಂನ ಕೇಳ್ಬೇಕು." ಅವಳನ್ನು ಮೇಡಂ ಮುಂದೆ ನಿಲ್ಲಿಸಿ, ಯಾರೋ ಕರೆದರೆಂದು ಮಾಯವಾದ.

ಮೇಳ ನಡೆಸುವ ಆ ಮೇಡಂ ಬಹಳ ಒಳ್ಳೆಯ ಕಿವಿಯವಳು. ಪ್ರತಿ ಮಾತಿಗೂ ತಲೆದೂಗುತ್ತಿದ್ದಳು.

"ಬ್ಯಾನರ್ ಮುಂದೆ ಜನ ನಿಂತು ನೋಡ್ತಾರಾ?"

"ನೋಡ್ತಾರೆ ಮೇಡಂ. ಟೋಪಿ ತೆಗೀತಾರೆ."

"ಮತ್ತೆ?"

"ಅಳ್ತಾರೆ. ಅಕ್ವೇಲೆ ಬೀದಿಯುದ್ದಕ್ಕೂ ಅತ್ಲು."

ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಬೀದಿಯಲ್ಲಿ ಯಾರೂ ಅತ್ತಿರ್ಲಿಲ್ಲ. ಅದನ್ನ ಇಳಿಸು ಅಂತೀಯಾ? ಇನ್ನೂ ನಾಲ್ಕು ಕಡೆ ಕಟ್ಟಿಸ್ತೀನಿ."

ಮೇಡಂ ಬೇರೆಯವರ ಕಡೆ ತಿರುಗಿದಳು. ಕಿಟಕಿಯಲ್ಲಿ ಬಿಸಿಲು ಓರೆಯಾಗಿತ್ತು. ಲಾಮ್ಲೆ ಲೋಟಗಳನ್ನು ನೆಲಕ್ಕಿಟ್ಟು ತನ್ನ ಚಿತ್ರವನ್ನು ಒಮ್ಮೆ ಹತ್ತಿರದಿಂದ ನೋಡಿದಳು. ಆಗ ಕಂಡಿತು, ಪಕ್ಕದ ಗೋಡೆಯ ಮೇಲೆ ಒಂದು ಪುಟ್ಟ ಕೆಂಪು ಬೊಟ್ಟು. ಕೆಂಪೆಂದರೆ ಸೂತಕದ ಬಣ್ಣ. ಊರಲ್ಲಿ ಇಟ್ಟದ್ದು ಸಾಲದೆಂದು ಇಲ್ಲೂ ಇಟ್ಟಿದ್ದಾರಲ್ಲ ಎಂದು ಅವಳಿಗೆ ಮೊದಲ ಬಾರಿಗೆ ಸಿಟ್ಟು ಬಂತು. ಉಗುರಿನಿಂದ ಕೆರೆದು ಅದನ್ನು ಕಿತ್ತಳು.

ಕೋಣೆಯಲ್ಲಿ ಯಾರೋ ಕತ್ತು ಕೊಯ್ದಂತೆ ಕೂಗಿದರು. ಕನ್ನಡಕದ ಯುವಕ ಓಡಿ ಬಂದ. ಮೇಡಂ ಓಡಿ ಬಂದಳು.

"ಏನು ಮಾಡ್ದೆ! ಚಿತ್ರ ಮಾರಾಟ ಆಗಿದೆ ಅನ್ನೋ ಗುರುತು ಅದು. ಕೊಂಡೋರು ಇಲ್ಲೇ ಇದಾರೆ!"

ಕೊಂಡವರು ಗುಂಪನ್ನು ಸರಿಸಲಿಲ್ಲ, ಗುಂಪೇ ಸರಿಯಿತು. ಎತ್ತರದ, ಕಪ್ಪು ಸೂಟಿನ, ಕರ್ಪೂರದ ವಾಸನೆಯ ಹಿರಿಯರು. ಹೆಸರು ಅಂಪೋಂಸಾ. ಅವರು ಅವಳನ್ನು ಬೈಯಲಿಲ್ಲ. ತಲೆಯಿಂದ ಕಾಲಿನವರೆಗೆ ಸಾವಕಾಶವಾಗಿ ಒಮ್ಮೆ ನೋಡಿ, ಇಗರ್ಜಿಯೊಳಗೆ ಮಾತಾಡುವಷ್ಟು ಮೆಲ್ಲಗೆ, "ಸ್ವಲ್ಪ ಕಣ್ಣು ಮುಚ್ಚಮ್ಮಾ" ಎಂದರು.

ಲಾಮ್ಲೆ ಮುಚ್ಚಿದಳು.

"ಹೌದು. ನೀನೇ."

ಆ ದಿನವಿಡೀ ಅವಳ ಗುರುತು ತಾನಾಗಿ ಹಿಡಿದ ಪರವೂರಿನವರು ಅವರೊಬ್ಬರೇ. ಡಾಕ್ಟರೇ ಇರಬೇಕು ಅಂದುಕೊಂಡಳು. ಧೈರ್ಯ ಬಂದು, ಚಪ್ಪರ, ಕಲ್ಲು, ಅವ್ವ, ಸೊಸೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವರು ಕಣ್ಣು ಮಿಟುಕಿಸದೆ ಕೇಳಿದರು.

"ಇಂಥ ನೆಮ್ಮದಿ ಮುಖಕ್ಕಾಗಿ ನಾನು ಮೂವತ್ತು ವರ್ಷದಿಂದ ಒದ್ದಾಡ್ತಿದೀನಿ. ನಮ್ಮಲ್ಲಿಗೆ ಬಂದೋರಿಗೆಲ್ಲ ಇದನ್ನ ಕೊಡ್ಬೇಕು ಅಂತ. ಎಷ್ಟು ತಿದ್ದಿದ್ರೂ ಬರಲ್ಲ" ಎಂದರು. "ಬ್ಯಾನರ್ ಹೊತ್ತು ಮುಳುಗೋ ಮೊದಲು ಇಳಿಯತ್ತೆ. ಮೇಡಂ ನನ್ನ ಮಾತು ತೆಗೆದುಹಾಕಲ್ಲ. ನಾನೊಂದು ಕೇಳ್ಲಾ? ಈ ಮುಖನ ನಮ್ಮ ಕೆಲಸಕ್ಕೆ ಬಳಸ್ಕೊಳ್ಳೋಕೆ ಒಪ್ಪಿಗೆ ಕೊಡ್ತೀಯಾ?"

"ಏನು ಬೇಕಾದ್ರೂ ಮಾಡ್ಕೊಳ್ಳಿ ಅಪ್ಪಾ" ಎಂದಳು ಲಾಮ್ಲೆ. ಕೈಕುಲುಕಿ, ಕೊನೆಗೆ ಬೆರಳಿಗೆ ಬೆರಳು ತಾಗಿಸಿ ಚಿಟಿಕೆ ಹೊಡೆದು, ಮಾತು ಗಟ್ಟಿಯಾಯಿತು. ಹತ್ತು ಜನ ಸಾಕ್ಷಿಗಳಿದ್ದರು.

ಅಂಪೋಂಸಾ ಯಾರಿಗೋ ಫೋನು ಮಾಡಿದರು. ಮನೆಗೆ ಬಿಟ್ಟುಬರಲು ತಮ್ಮ ವಾಹನವನ್ನೇ ಕೊಟ್ಟರು. ಉದ್ದನೆಯ ಬಿಳಿ ಬಂಡಿ. ಹಿಂದಿನ ಕಿಟಕಿಗಳಿಗೆ ನೆರಿಗೆ ಪರದೆ, ಒಳಗೆ ಮಂಜಿನಂಥ ತಂಪು. ಬಿಳಿ ಕೈಗವಸಿನ ಚಾಲಕ ಯಾರನ್ನೂ ಎಬ್ಬಿಸಬಾರದೆಂಬಂತೆ ಓಡಿಸುತ್ತಿದ್ದ. ದಾರಿಯಲ್ಲಿ ಒಂದು ಅಚ್ಚಿನ ಅಂಗಡಿಯ ಮುಂದೆ ನಿಲ್ಲಿಸಿ, "ಸ್ವಲ್ಪ ತಡ ಆಗತ್ತೆ ಅಕ್ಕ" ಎಂದ. ಕಾಯುತ್ತ ಕೂತ ಲಾಮ್ಲೆ ಹೊರಗೆ ನೋಡಿದಳು. ಹಾದು ಹೋಗುವವರು ಬಂಡಿಯನ್ನು ಕಂಡು ಟೋಪಿ ತೆಗೆಯುತ್ತಿದ್ದರು. ದೊಡ್ಡ ಮನುಷ್ಯರ ಬಂಡಿಗೆ ಎಷ್ಟು ಮರ್ಯಾದೆ ಅಂದುಕೊಂಡಳು. ಬೆಳಗಿನ ಜಾವ ಎದ್ದವಳು, ಬಿಸಿಲಲ್ಲಿ ನಡೆದವಳು, ಈಗ ಮೆತ್ತನೆಯ ಆಸನ. ಕಣ್ಣು ತಾನಾಗಿ ಮುಚ್ಚಿತು.

ಎಚ್ಚರವಾದದ್ದು ಅಳುವಿನ ಸದ್ದಿಗೆ.

ಬಂಡಿ ಚಪ್ಪರದ ಎದುರು ನಿಂತಿತ್ತು. ಗಾಜಿನ ಹೊರಗೆ ಊರಿಗೆ ಊರೇ ಸೇರಿತ್ತು. ಅಕ್ವೇಲೆ ಮತ್ತೆ ಕೆಂಪು ಬಟ್ಟೆ ಕಟ್ಟಿಕೊಂಡು, ಈ ಸಲ ದಂಡವಾಗದೆಂಬ ಧೈರ್ಯದಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. ಅಫೋಲೆ ಅವ್ವ ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಬಲೆಯ ಮುದುಕ, "ಬೆಳಿಗ್ಗೆ ಪೋಸ್ಟರು, ಸಾಯಂಕಾಲ ಹೆಣ. ಹೀಗೂ ಉಂಟಾ?" ಎನ್ನುತ್ತಿದ್ದ.

ಲಾಮ್ಲೆ ಬಾಗಿಲು ತೆರೆದು ಇಳಿದಳು. ಜನ ಅಲೆಯಂತೆ ಹಿಂದೆ ಸರಿದರು.

"ಮತ್ತೆ ಬದುಕಿದ್ದೀಯಾ?" ಎಂದಳು ಅಕ್ವೇಲೆ, ದಣಿದು.

ಲಾಮ್ಲೆ ಅವಳನ್ನು ನೋಡಲಿಲ್ಲ. ಹಳೆಯ ಬ್ಯಾನರು ಮಡಿಚಿ ನೆಲದ ಮೇಲಿತ್ತು. ಸೂರ್ಯ ಇನ್ನೂ ಸಮುದ್ರದ ಮೇಲೆ ಒಂದು ಗೇಣು ಎತ್ತರದಲ್ಲಿತ್ತು. "ಅವ್ವಾ, ಇಳೀತು" ಎಂದಳು. ಬದುಕಿನಲ್ಲೇ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

"ಇಳೀತು" ಎಂದಳು ಅಫೋಲೆ ಅವ್ವ. "ಇಳಿದ್ರೆ ಜಾಗ ನಿಂದು ಅಂದಿದ್ದೆ. ಮಾತು ಮಾತೇ. ಆದ್ರೆ ಏರಿದೆಯಲ್ಲೇ ತಾಯಿ."

ಲಾಮ್ಲೆ ಕತ್ತೆತ್ತಿದಳು. ಅವಳು ನಿದ್ದೆಯಲ್ಲಿದ್ದಾಗ ಅಚ್ಚಿನ ಅಂಗಡಿಯಲ್ಲಿ ಹತ್ತಿ, ಬಂಡಿಯ ಹಿಂಭಾಗದಿಂದ ಇಳಿದಿದ್ದ ಏಣಿಯವರು ಕೊನೆಯ ಹಗ್ಗ ಬಿಗಿಯುತ್ತಿದ್ದರು. ಅದೇ ಮುಖ, ಹಳೆಯದರ ಎರಡರಷ್ಟು ದೊಡ್ಡದು. ಕೆಳಗೆ ಬರೆದಿತ್ತು: "ಅಂಪೋಂಸಾ ಶವಾಗಾರ ಮತ್ತು ಅಂತಿಮಯಾತ್ರೆ. ಈಗ ನಿಮ್ಮ ಬೀದಿಯಲ್ಲೂ. ನಮ್ಮಲ್ಲಿ ಎಲ್ಲರೂ ಹೀಗೆ ಮಲಗುತ್ತಾರೆ."

ಸೊಸೆ ಮೂಲೆಯ ಕಲ್ಲಿನ ಮೇಲಿದ್ದ ಜೋಳದ ಸಿಪ್ಪೆಯನ್ನು ಮೆಲ್ಲಗೆ ಗುಡಿಸಿದಳು.

"ಅಣ್ಣಾ" ಎಂದು ಏಣಿಯ ಮೇಲಿದ್ದವನನ್ನು ಲಾಮ್ಲೆ ಕೇಳಿದಳು, "ಹಳೇದ್ರಲ್ಲಿ ಕೊನೇ ದಿನ ಬರೆದಿತ್ತು. ಇದ್ರಲ್ಲಿ ಎಲ್ಲಿದೆ?"

"ಇದಕ್ಕೆ ಕೊನೇ ದಿನ ಇಲ್ಲಕ್ಕ" ಎಂದ ಅವನು. "ಈ ಕೆಲಸ ಎಂದಾದ್ರೂ ನಿಲ್ಲತ್ತಾ?"

ಸೇರಿದವರೆಲ್ಲ ಒಮ್ಮೆ ಮೇಲೆ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಅಷ್ಟು ಕಣ್ಣುಗಳು ಒಟ್ಟಿಗೆ ತನ್ನ ಮೇಲೆ ಬಿದ್ದಾಗ ಲಾಮ್ಲೆಗೆ ತಡೆಯಲಾಗಲಿಲ್ಲ. ನಾಚಿಕೆಯಾಗಿ ಕಣ್ಣು ಮುಚ್ಚಿಕೊಂಡಳು.

"ಹೌದು ಹೌದು" ಎಂದಳು ಅಕ್ವೇಲೆ, "ಥೇಟು ಅವಳೇ."