ಉಪ್ಪಿಲ್ಲದ ಗಂಜಿಯೂ ನನ್ನ ಚಿನ್ನದ ಬಣ್ಣವೂ

ಚಂದ ಕಾಣಬೇಕೆಂದು ಹೊರಟವರನ್ನು ದೇವರು ಮೊದಲು ಮಂಗ ಮಾಡಿ ನೋಡುತ್ತಾನೆ ಎಂದು ನನ್ನ ನಂಬಿಕೆ. ಈಗಿನ ಮಕ್ಕಳಿಗೆ ಇದು ಗೊತ್ತಿಲ್ಲ. ಮೊನ್ನೆ ನನ್ನ ಮೊಮ್ಮಗಳು ಎದುರು ಕೂತು, "ಅಜ್ಜೀ, ನಿಮ್ಮ ಕಾಲದವರ ಚರ್ಮ ಎಷ್ಟು ನುಣುಪು! ಗುಟ್ಟು ಹೇಳಿ" ಎಂದಳು. ಗುಟ್ಟು ಎಂಥದು, ಮಣ್ಣು! ಹಲ್ಲಿಗೆ ಭತ್ತದ ಹೊಟ್ಟು ಸುಟ್ಟ ಉಮಿಕರಿ, ಮೈಗೆ ತೆಂಗಿನ ನಾರು, ತಲೆಗೆ ದಾಸವಾಳದ ಸೊಪ್ಪು ಕಿವುಚಿದ ಲೋಳೆ, ಕಣ್ಣಿಗೆ ದೀಪದ ಮಸಿ. ಲೋಳೆಯನ್ನು ಸರಿಯಾಗಿ ತೊಳೆಯದಿದ್ದರೆ ಸೊಪ್ಪಿನ ಚೂರು ಒಣಗಿ, ಊಟಕ್ಕೆ ಕೂತಾಗ ಎಲೆಗೆ ಉದುರುತ್ತಿತ್ತು. ಮಸಿ ಹೆಚ್ಚಾದರೆ ಬೆವರಿಗೆ ಕೆನ್ನೆಯವರೆಗೆ ಇಳಿಯುತ್ತಿತ್ತು. ನನ್ನ ಮುಖ ನೋಡಿ ಯಾರು ತೀರಿಹೋದದ್ದು ಎಂದು ಕೇಳಿದವರೂ ಉಂಟು. ನುಣುಪು ಬಂದದ್ದು ಇದರಿಂದಲೋ, ಮನೆಯಲ್ಲಿ ದೊಡ್ಡ ಕನ್ನಡಿ ಇಲ್ಲದ್ದರಿಂದಲೋ ನನಗೆ ತಿಳಿಯದು.

ನನ್ನ ಹೆಸರು ಸುಂದರಿ. ಮುಖ ನೋಡಿ ಇಟ್ಟದ್ದಲ್ಲ, ಅಜ್ಜಿ ತೀರಿಹೋಗಿ ಆ ಹೆಸರು ಖಾಲಿ ಬಿದ್ದಿತ್ತು, ಇಟ್ಟರು. ಬಣ್ಣದಲ್ಲಿ ನಾನು ದೋಸೆಯ ಕಾವಲಿಗಿಂತ ಒಂದು ಕೈ ಮೇಲೆ. ಸಾವಿರದ ಒಂಬೈನೂರ ಐವತ್ತೇಳೋ ಐವತ್ತೆಂಟೋ ಇರಬೇಕು, ಮಿಜಾರಿನ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರೆಲ್ಲ ಕೊಟ್ಟದ್ದನ್ನು ಚೆನ್ನಾಗಿ ತಿಂದು, "ಹುಡುಗಿ ಒಳ್ಳೆಯವಳು, ಆದರೆ..." ಎಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಆ 'ಆದರೆ'ಯ ಮುಂದೆ ಏನೆಂದು ಯಾರೂ ಕೇಳಬೇಕಿರಲಿಲ್ಲ. ಕಡೆಗೆ ಅಳದಂಗಡಿ ಕಡೆಯಿಂದ ಒಂದು ಸಂಬಂಧ ಬಂತು. ಅದೂ ತಪ್ಪಿದರೆ ಕಕ್ಕಿಂಜೆಯಲ್ಲಿ ಹೆಂಡತಿ ಸತ್ತ ಒಬ್ಬರಿಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವರನ್ನು ನಾನು ಒಂದು ಮದುವೆ ಊಟದಲ್ಲಿ ನೋಡಿದ್ದೆ. ಹಪ್ಪಳವನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು, ಹಲ್ಲಿರಲಿಲ್ಲ.

ಹಾಗಾಗಿ ಬಂಟ್ವಾಳದಿಂದ ಚಿಕ್ಕಮ್ಮನನ್ನು ಕರೆಸಿದರು. ಪೇಟೆಯಲ್ಲಿ ಸಂಸಾರ ಮಾಡಿದವಳು, ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವಳೇ ಹೇಳುತ್ತಿದ್ದಳು. ಬಂದವಳೇ ನನ್ನ ಗಲ್ಲ ಹಿಡಿದು ಬದನೆಕಾಯಿ ತಿರುಗಿಸಿ ನೋಡುವ ಹಾಗೆ ನೋಡಿ, "ಅರಶಿನ ಅರೆದು ಹಚ್ಚುವ. ಚಿನ್ನದ ಹಾಗೆ ಆಗ್ತಾಳೆ" ಎಂದಳು. ಮುಖಕ್ಕೆ ಹಚ್ಚುವುದು ಕಸ್ತೂರಿ ಅರಶಿನ, ಅದರ ಬಣ್ಣ ಹಿಡಿಯುವುದಿಲ್ಲ. ಚಿಕ್ಕಮ್ಮ ಹಿತ್ತಲಿನಿಂದ ಕಿತ್ತು ತಂದದ್ದು ಅಡುಗೆಯ ಅರಶಿನ, ಅದು ಬಿಳಿ ಬಟ್ಟೆಗೆ ತಾಗಿದರೆ ಬಟ್ಟೆ ಹರಿದರೂ ಹೋಗುವುದಿಲ್ಲ. ಅದನ್ನು ಹಾಲಿನ ಕೆನೆಯಲ್ಲಿ ಅರೆದು ನನ್ನ ಮುಖಕ್ಕೆ, ಕುತ್ತಿಗೆಗೆ ಗೋಡೆಗೆ ಸಾರಿಸಿದ ಹಾಗೆ ಬಳಿದು, "ಅಲ್ಲಾಡಬೇಡ, ಈಗ ಬಂದೆ" ಎಂದು ಬಚ್ಚಲಿನಲ್ಲಿ ಕೂರಿಸಿದಳು. ಅಷ್ಟರಲ್ಲಿ ಅಂಗಳದಲ್ಲಿ ಮೀನಿನವಳು ಕೂಗಿದಳು. ಬಂಗುಡೆ ಹಸಿಯೋ ಹಳತೋ ಎಂದು ಇಬ್ಬರಿಗೂ ಜಗಳ ಹತ್ತಿತು. ಜಗಳ ಮುಗಿದು, ರಾಜಿಯಾಗಿ, ಇಬ್ಬರೂ ಒಟ್ಟಿಗೆ ಎಲೆಯಡಿಕೆ ಹಾಕುವವರೆಗೆ ನಾನು ಬಚ್ಚಲ ಒಲೆಯ ಬದಿಯಲ್ಲಿ ಒಣಗುತ್ತ ಕೂತಿದ್ದೆ.

ತೊಳೆದರೆ ಹೋಗಲಿಲ್ಲ. ನೆಂಟರಿಗೆಂದು ಇಟ್ಟಿದ್ದ ಸಾಬೂನು ತಿಕ್ಕಿದಳು. ಅರಶಿನಕ್ಕೆ ಸಾಬೂನು ತಾಗಿದರೆ ಸುಣ್ಣ ತಾಗಿದ ಹಾಗೆ, ಓಕುಳಿಯಂತೆ ಮುಖ ಕೆಂಪಾಯಿತು. ಅಮ್ಮ ನೋಡಿ, "ಅಯ್ಯೋ ದೇವರೇ, ಬಾಲೆಯ ಚರ್ಮ ಸುಲಿದಳು!" ಎಂದು ಕೂಗಿದಳು. ಚಿಕ್ಕಮ್ಮ ಓಡಿಹೋಗಿ ಹುಣಸೆಹುಳಿ ತಂದು ಹಿತ್ತಾಳೆಯ ಕಾಲುದೀಪ ತಿಕ್ಕಿ ಬೆಳಗುವ ಹಾಗೆ ಬೆಳಗಿದಳು. ಕೆಂಪು ಹೋಗಿ ಹಳದಿ ತಿರುಗಿ ಬಂತು, ಮೊದಲಿಗಿಂತ ಹೊಳಪಾಗಿ. ಆಗಲೇ ಅಂಗಳದಲ್ಲಿ ಕೆಮ್ಮಿದ ಸದ್ದು. ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಮೊದಲಿನ ಬಸ್ಸಿಗೆ ಬಂದುಬಿಟ್ಟಿದ್ದರು.

ಗಂಡು ಚಾವಡಿಯಲ್ಲಿ ಕೂತಿದ್ದ. ಅವನ ಮುಖಕ್ಕೂ ಯಾರೋ ಪೌಡರು ಸುರಿದು ಕಳಿಸಿದ್ದರು. ಬಿಸಿಲಿಗೆ ಬೆವತು, ಬಿಳಿ ಗೋಡೆಯ ಮೇಲೆ ಮಳೆನೀರು ಇಳಿದ ಹಾಗೆ ಗೆರೆಗೆರೆಯಾಗಿತ್ತು. ನಾನು ಹಳದಿ, ಅವನು ಬಿಳಿ. ಒಬ್ಬರನ್ನೊಬ್ಬರು ನೋಡಿದೆವು, ಇಬ್ಬರೂ ತಲೆ ತಗ್ಗಿಸಿದೆವು. ನಾಚಿಕೆ ಎಂದು ಹಿರಿಯರು ಸಂತೋಷಪಟ್ಟರು. ಅವನ ತಾಯಿ ಕಲ್ಯಾಣಿ ಅಕ್ಕ ಮಾತ್ರ ಕಣ್ಣು ಕಿರಿದು ಮಾಡಿ, "ಹುಡುಗಿಯ ಬಣ್ಣ ಹೀಗೆ ಉಂಟಲ್ಲ, ಎಂಥ ಹಚ್ಚಿದ್ದು?" ಎಂದು ಕೇಳಿದರು. ಅರಶಿನ ಎಂದರೆ ಮುಗಿಯುತ್ತಿತ್ತು. ಚಿಕ್ಕಮ್ಮ ಎದೆ ಮುಂದೆ ಮಾಡಿ, "ಎಂಥದ್ದೂ ಇಲ್ಲ ಅಕ್ಕ. ಹುಟ್ಟಿದ ಬಣ್ಣ. ಚಿನ್ನದ ಬಣ್ಣ ನಮ್ಮ ಕುಟುಂಬದಲ್ಲಿ ಉಂಟು" ಎಂದಳು. ಪಕ್ಕದಲ್ಲೇ ನನ್ನಷ್ಟೇ ಕಪ್ಪಗಿನ ಅಮ್ಮ ನಿಂತಿದ್ದಳು.

ಕಲ್ಯಾಣಿ ಅಕ್ಕ ಅರಶಿನ ಮುಂಡಿಗೆಗೆ, ಎಂದರೆ ಕಾಮಾಲೆಗೆ, ಮದ್ದು ಕೊಡುವವರು ಎಂಬುದು ನಮಗೆ ತಿಳಿದಿರಲಿಲ್ಲ. "ಚಿನ್ನ ಅಲ್ಲ ಮಾರಾಯ್ತಿ, ಇದು ಮುಂಡಿಗೆ" ಎಂದರು. "ಹೆದರಬೇಡಿ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಿ. ಬಣ್ಣ ಪೂರ ಇಳಿಯುವ ತನಕ ಉಪ್ಪಿಲ್ಲದ ಗಂಜಿ. ಎಣ್ಣೆ ಇಲ್ಲ, ಹುಳಿ ಇಲ್ಲ, ಮೀನಿನ ವಾಸನೆಯೂ ಕೂಡದು. ನನ್ನ ಅಕ್ಕನ ಮನೆ ನಿಮ್ಮ ಗದ್ದೆಯ ಆಚೆಯೇ ಉಂಟಲ್ಲ, ಅವಳು ದಿನಾ ಬಂದು ನೋಡ್ತಾಳೆ. ಗುಣ ಆದ ಮೇಲೆ ಮದುವೆ ಮಾತಾಡುವ." ಈಗ ಅರಶಿನ ಎಂದರೆ ಸುಳ್ಳು ಹೇಳುವ ಮನೆ; ಸುಮ್ಮನಿದ್ದರೆ ರೋಗದ ಹುಡುಗಿ. ರೋಗಕ್ಕೆ ಮದ್ದಾದರೂ ಉಂಟೆಂದು ಮನೆಯವರು ರೋಗವನ್ನೇ ಆರಿಸಿದರು.

ಆ ದಿನವೇ ಜಗಳವಾಡಿ ತೆಗೆದುಕೊಂಡ ಬಂಗುಡೆ ಒಲೆಯ ಮೇಲೆ ಕುದಿಯುತ್ತಿತ್ತು. ನಾನು ಜಗಲಿಯಲ್ಲಿ ಸಪ್ಪೆ ಗಂಜಿಯ ಮುಂದೆ ಕೂತೆ. ಒಳಗೆ ಚಿಕ್ಕಮ್ಮ ಮೀನಿನ ತಲೆ ಚೀಪುವ ಸದ್ದು ಜಗಲಿಯವರೆಗೆ ಕೇಳುತ್ತಿತ್ತು. ನಡುವೆ ಬಾಗಿಲಿಗೆ ಬಂದು, "ಸ್ವಲ್ಪ ತಾಳಿಕೋ ಮಗಾ, ಎಲ್ಲ ನಿನ್ನ ಒಳ್ಳೆಯದಕ್ಕೇ" ಎಂದಳು, ಬೆರಳು ನೆಕ್ಕುತ್ತ. ಗದ್ದೆಯಾಚೆಯ ಹೆಂಗಸು ದಿನಾ ಬಂದು ನನ್ನ ಕೆನ್ನೆ ಉಜ್ಜಿ ತನ್ನ ಬೆರಳು ನೋಡಿಕೊಳ್ಳುತ್ತಿದ್ದಳು. ಕಕ್ಕಿಂಜೆಯ ಹಪ್ಪಳವನ್ನು ನೆನೆದು ನೆನೆದು ಗಂಜಿ ನುಂಗಿದೆ. ಬಣ್ಣ ದಿನಕ್ಕಿಷ್ಟು ಇಳಿದು, ಕಾವಲಿಯ ಬಣ್ಣ ಮೇಲೆ ಬಂತು. ಕಲ್ಯಾಣಿ ಅಕ್ಕ ಬಂದು ನೋಡಿ, "ಹಾಂ, ಈಗ ಹುಡುಗಿ ಸರಿಯಾದಳು" ಎಂದು ಮದುವೆ ಗಟ್ಟಿ ಮಾಡಿದರು. ಕಪ್ಪಾದದ್ದಕ್ಕೆ ಗುಣವಾಯಿತೆಂದು ಎಲ್ಲರಿಂದ ಹೊಗಳಿಸಿಕೊಂಡ ಹುಡುಗಿ ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಮದುವೆಯಾಗಿ, ಮಕ್ಕಳಾಗಿ, ಸಾವಿರದ ಒಂಬೈನೂರ ಅರವತ್ತು ದಾಟಿ ಕೆಲವು ವರ್ಷ ಹೋಗಿತ್ತು. ಒಂದು ದಿನ ಅತ್ತೆ ನನಗೆ ಮದ್ದು ಕಲಿಸುತ್ತ, "ಮೊದಲು ಕಣ್ಣಿನ ಬಿಳಿ ನೋಡಬೇಕು. ಮುಂಡಿಗೆ ಆದರೆ ಕಣ್ಣೂ ಹಳದಿ ಆಗ್ತದೆ" ಎಂದರು. ನನ್ನ ಕೈಯ ಅರೆಯುವ ಕಲ್ಲು ನಿಂತಿತು.

"ಅತ್ತೆ, ನನ್ನ ಕಣ್ಣು ಅವತ್ತು ಹಳದಿ ಇತ್ತಾ?"

"ಎಲ್ಲಿಯ ಹಳದಿ? ಸಾಬೂನು ಹೋಗಿ ಕೆಂಪಾಗಿತ್ತು. ನಿನ್ನ ಕಿವಿಯ ಹಿಂದೆ ಅರಶಿನದ ಹೆಂಟೆಯೇ ಇತ್ತು."

"ಹಾಗಾದರೆ ಗಂಜಿ?"

"ಹುಟ್ಟಿದ ಬಣ್ಣ ಅಂತ ಹೇಳಿದಳಲ್ಲ ನಿನ್ನ ಚಿಕ್ಕಮ್ಮ? ಅದಕ್ಕೆ."

"ಸುಳ್ಳು ಹೇಳಿದ್ದು ಅವಳು, ಗಂಜಿ ಕುಡಿದದ್ದು ನಾನು!"

"ಅವಳು ನನ್ನ ಸೊಸೆ ಆಗುವವಳಲ್ಲವಲ್ಲ" ಎಂದು ಅತ್ತೆ ನೆಲನೆಲ್ಲಿಯನ್ನು ಕಲ್ಲಿನತ್ತ ತಳ್ಳಿದರು.

ಈ ಕಥೆಯನ್ನೆಲ್ಲ ಮೊಮ್ಮಗಳಿಗೆ ಹೇಳಿ, ಮುಖಕ್ಕೆ ಏನೂ ಹಚ್ಚಬೇಡ ಎಂದು ಬುದ್ಧಿಯನ್ನೂ ಹೇಳಿದೆ. ಅವಳು ನಕ್ಕು ಪೇಟೆಗೆ ಹೋದಳು. ಅವಳ ಕ್ರೀಮಿನ ಡಬ್ಬಿ ಮೇಜಿನ ಮೇಲೆ ಮುಚ್ಚಳ ತೆರೆದು ಕೂತಿತ್ತು. ಪರಿಮಳ ಚೆನ್ನಾಗಿತ್ತು. ಬೆರಳಲ್ಲಿ ಸ್ವಲ್ಪ ತೆಗೆದೆ. ಮುದುಕಿಯ ಮುಖದಲ್ಲಿ ಸುಕ್ಕು ಹೆಚ್ಚು, ಸ್ವಲ್ಪ ಸಾಲದು, ಇನ್ನಷ್ಟು ತೆಗೆದೆ. ಸೊಸೆ ಒಳಗೆ ಬಂದವಳು ಹೆದರಿ, "ಅತ್ತೆ, ಯಾಕೆ ಮುಖ ಹೀಗೆ ಬಿಳುಚಿಕೊಂಡಿದೆ? ಹುಷಾರಿಲ್ವಾ? ಇವತ್ತು ಗಂಜಿ ಮಾಡ್ಲಾ ನಿಮಗೆ?" ಎಂದಳು. ಹುಟ್ಟಿದ ಬಣ್ಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಬಂಗುಡೆ ಸಾರಿನ ವಾಸನೆ ಬಂತು.

"ಡಬ್ಬಿಯದ್ದು ಮಾರಾಯ್ತಿ, ಡಬ್ಬಿಯದ್ದು!" ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಊಟಕ್ಕೆ ಎದ್ದೆ.